ಬಾಡಿಗೆದಾರರ ವಿಮೆ

ಬಾಡಿಗೆ ಅಥವಾ ಭೋಗ್ಯದ ಮನೆಯಲ್ಲಿ ವಾಸಿಸುವವರು ತಮ್ಮ ಸ್ವಂತ ಗೃಹಸಾಮಗ್ರಿಗೆ ಬೆಂಕಿ, ನೆರೆ, ಕಳವು ಮುಂತಾದವುಗಳಿಂದ ಆಗುವ ನಷ್ಟವನ್ನೂ, ತಮ್ಮ ಅಜಾಗರೂಕತೆಯಿಂದ ಮನೆ ಮಾಲೀಕರಿಗೋ ನೆರೆಹೊರೆಯವರಿಗೋ ಆಗುವ ಹಾನಿಯ ಹೊಣೆಯನ್ನೂ ತುಂಬಿಕೊಳ್ಳಲು ಮಾಡಿಸುವ ಸಾಮಾನ್ಯ ವಿಮೆಯೇ ಬಾಡಿಗೆದಾರರ ವಿಮೆ. ಕಟ್ಟಡ ಇದರ ವ್ಯಾಪ್ತಿಗೆ ಬರುವುದಿಲ್ಲ; ಅದಕ್ಕೆ ವಿಮೆ ಮಾಡಿಸುವುದು ಮಾಲೀಕರಿಗೆ ಬಿಟ್ಟದ್ದು. ಭಾರತದಲ್ಲಿ ಇದನ್ನು ಬಹುಮಟ್ಟಿಗೆ ಗೃಹ ವಿಮೆಯ ಒಂದು ಭಾಗವಾಗಿ, ಸಾಮಗ್ರಿಗೆ ಮಾತ್ರ ಅನ್ವಯಿಸುವ ಪಾಲಿಸಿಯ ರೂಪದಲ್ಲಿ ಮಾರಲಾಗುತ್ತದೆ. ಬಾಡಿಗೆದಾರರಿಗೆಂದೇ ಪ್ರತ್ಯೇಕ ಹೆಸರಿನ ಪಾಲಿಸಿಗಳು ಕಡಿಮೆ.

ಮಾಲೀಕರು ಮಾಡಿಸಿದ ವಿಮೆ ಬಾಡಿಗೆದಾರರ ಸಾಮಾನಿಗೂ ಅನ್ವಯಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಮಾಲೀಕರು ಮೇಲಿನ ಮಹಡಿಯಲ್ಲಿ, ಬಾಡಿಗೆದಾರರು ನೆಲಮಹಡಿಯಲ್ಲಿ ಇರುವ ಮನೆಯೊಂದನ್ನು ತೆಗೆದುಕೊಳ್ಳಬಹುದು. ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಪೈಪು ರಾತ್ರಿ ಒಡೆದು, ಚಾವಣಿಯಿಂದ ನೀರು ಸೋರಿ, ಕೆಳಗಿನ ಮನೆಯ ಹಾಸಿಗೆ, ಟಿ.ವಿ., ಬೀರುವಿನಲ್ಲಿದ್ದ ಬಟ್ಟೆ ಹಾಳಾಗುತ್ತವೆ. ಮಾಲೀಕರ ಕಟ್ಟಡ ವಿಮೆಯಿಂದ ಗಾರೆ ಮತ್ತು ಬಣ್ಣದ ಖರ್ಚು ಸಿಗುತ್ತದೆ. ಹಾಸಿಗೆ, ಟಿ.ವಿ., ಬಟ್ಟೆಗಳ ನಷ್ಟ ಬಾಡಿಗೆದಾರರದೇ. ಮಾಲೀಕರ ನಿರ್ಲಕ್ಷ್ಯವೇ ಕಾರಣವೆಂದು ಸಾಬೀತುಪಡಿಸಿದರೆ ಅವರಿಂದ ಪರಿಹಾರ ಕೇಳಬಹುದು; ಆದರೆ ಅದು ನ್ಯಾಯಾಲಯದ ದಾರಿ, ಖರ್ಚೂ ಕಾಲಾವಧಿಯೂ ಹೆಚ್ಚು.

ಪರಿಭಾಷೆ

ವಿಮಾ ಕಂಪನಿ ಕೊಡಲು ಒಪ್ಪಿರುವ ಗರಿಷ್ಠ ಹಣ ವಿಮಾ ಮೊತ್ತ. ಅದಕ್ಕಾಗಿ ಪಾಲಿಸಿದಾರರು ಕಟ್ಟುವ ಕಂತು ಪ್ರೀಮಿಯಂ. ನಷ್ಟವಾದಾಗ ಸಲ್ಲಿಸುವ ಪರಿಹಾರ ಕೋರಿಕೆಯನ್ನು ಕ್ಲೇಮ್ ಎನ್ನುತ್ತಾರೆ. ಬಳಕೆಯಿಂದಲೂ ಕಾಲದಿಂದಲೂ ವಸ್ತುವಿನ ಬೆಲೆ ಇಳಿಯುವುದು ಸವಕಳಿ. ಪಾಲಿಸಿಯೇ ಹೊರಗಿಟ್ಟಿರುವ ನಷ್ಟಗಳು ಹೊರತುಗಳು. ಬೀಗ ಮುರಿದು ಅಥವಾ ಬಲಪ್ರಯೋಗದಿಂದ ಒಳನುಗ್ಗಿ ಮಾಡುವ ಕಳವಿಗೆ ಈ ಲೇಖನದಲ್ಲಿ ಕನ್ನಗಳವು ಎಂಬ ಪದ ಬಳಸಲಾಗಿದೆ. ಮನೆಯೊಳಗೆ ಬಂದು ಹೋಗುವವರು ಬಲಪ್ರಯೋಗವಿಲ್ಲದೆ ಮಾಡುವುದನ್ನು ಬರಿಯ ಕಳವು ಎಂದು ಕರೆಯಲಾಗಿದೆ. ಪಾಲಿಸಿಗಳು ಇವೆರಡನ್ನೂ ಒಂದೇ ರೀತಿ ಕಾಣುವುದಿಲ್ಲವಾದ್ದರಿಂದ ಈ ಭೇದ ಮುಖ್ಯ.

ಕಾನೂನಿನ ಹಿನ್ನೆಲೆ

ಒಂದು ವಸ್ತು ಹಾಳಾದರೆ ಯಾರಿಗೆ ಆರ್ಥಿಕ ನಷ್ಟವಾಗುತ್ತದೋ ಅವರು ಮಾತ್ರ ಅದಕ್ಕೆ ವಿಮೆ ಮಾಡಿಸಬಹುದು. ಇದನ್ನು ವಿಮಾ ಹಿತಾಸಕ್ತಿ ಎನ್ನುತ್ತಾರೆ. ಬಾಡಿಗೆದಾರರ ಫ್ರಿಜ್ಜಿನಲ್ಲಿ ಮಾಲೀಕರಿಗೆ ಇಂಥ ಹಿತಾಸಕ್ತಿ ಇಲ್ಲ. ಆದ್ದರಿಂದ ಮಾಲೀಕರು ಬಯಸಿದರೂ ತಮ್ಮ ಪಾಲಿಸಿಯಲ್ಲಿ ಅದನ್ನು ತಮ್ಮದೆಂದು ಸೇರಿಸಲಾಗದು.

ಬಾಡಿಗೆದಾರರ ಹೊಣೆಗೆ ಭಾರತದಲ್ಲಿ ಆಧಾರವಾಗಿರುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣ. ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿರದಿದ್ದರೆ, ಬಾಡಿಗೆದಾರರು ಮನೆಯನ್ನು ತಾವು ಪಡೆದ ಸ್ಥಿತಿಯಲ್ಲೇ ಕಾಪಾಡಿ, ಬಿಡುವಾಗ ಅದೇ ಸ್ಥಿತಿಯಲ್ಲಿ ಒಪ್ಪಿಸಬೇಕು. ಸಹಜ ಸವೆತ ಮತ್ತು ತಡೆಯಲಾಗದ ಶಕ್ತಿಯಿಂದಾದ ಹಾನಿ, ಇವೆರಡಕ್ಕೆ ಮಾತ್ರ ವಿನಾಯಿತಿ. ಬೆಂಕಿ, ಬಿರುಗಾಳಿ, ನೆರೆಯಂಥ ಕಾರಣದಿಂದ ಮನೆಯ ಗಣನೀಯ ಭಾಗ ನಾಶವಾಗಿ ವಾಸಕ್ಕೆ ಶಾಶ್ವತವಾಗಿ ಅಯೋಗ್ಯವಾದರೆ ಬಾಡಿಗೆದಾರರು ಬಯಸಿದಲ್ಲಿ ಕರಾರು ರದ್ದಾಗುತ್ತದೆ. ಆದರೆ ಆ ಹಾನಿ ಅವರದೇ ತಪ್ಪಿನಿಂದ ಆಗಿದ್ದರೆ ಈ ಆಯ್ಕೆ ಇಲ್ಲ. ಮರೆತು ಉರಿಯಬಿಟ್ಟ ಒಲೆಯಿಂದ ಅಡುಗೆಮನೆ ಸುಟ್ಟರೆ ಬಾಡಿಗೆದಾರರು ಸಾಮಾನನ್ನೂ ಕಳೆದುಕೊಂಡು, ಮಾಲೀಕರ ಗೋಡೆಗೂ ಉತ್ತರ ಹೇಳಬೇಕಾಗುತ್ತದೆ.

ಇದರ ಜೊತೆಗೆ ಹಕ್ಕಿನ ಬದಲಾಯಿಕೆ ಎಂಬ ತತ್ತ್ವವೊಂದಿದೆ. ಪರಿಹಾರ ಕೊಟ್ಟ ವಿಮಾ ಕಂಪನಿ, ನಷ್ಟಕ್ಕೆ ಕಾರಣರಾದವರ ಮೇಲೆ ಪಾಲಿಸಿದಾರರಿಗಿದ್ದ ಹಕ್ಕನ್ನು ತಾನು ಪಡೆಯುತ್ತದೆ. ಮಾಲೀಕರಿಗೆ ಹಣ ಕೊಟ್ಟ ಕಂಪನಿ ಅದೇ ಹಣವನ್ನು ತಪ್ಪಿತಸ್ಥ ಬಾಡಿಗೆದಾರರಿಂದ ವಸೂಲು ಮಾಡಲು ಮುಂದಾಗಬಹುದು. ಅಮೆರಿಕದ ಓಕ್ಲಹೋಮಾ ರಾಜ್ಯದ ಮೇಲ್ಮನವಿ ನ್ಯಾಯಾಲಯ 1975ರಲ್ಲಿ ಸಟನ್–ಜೋಂಡಾಲ್ ಪ್ರಕರಣದಲ್ಲಿ, ಬಾಡಿಗೆದಾರರನ್ನು ಮಾಲೀಕರ ಬೆಂಕಿ ವಿಮೆಯಲ್ಲಿ ಸಹ-ವಿಮಾದಾರರೆಂದೇ ಭಾವಿಸಬೇಕು, ಅವರ ಮೇಲೆ ಕಂಪನಿ ವಸೂಲಿಗೆ ಹೋಗುವಂತಿಲ್ಲ ಎಂದು ತೀರ್ಪಿತ್ತಿತು. ಅಲ್ಲಿನ ಎಲ್ಲ ರಾಜ್ಯಗಳೂ ಆ ತೀರ್ಪನ್ನು ಅನುಸರಿಸಲಿಲ್ಲ. ಬಾಡಿಗೆದಾರರ ಹೊಣೆ ವಿಮೆಗೆ ಬೇಡಿಕೆ ಇರುವುದಕ್ಕೆ ಈ ತತ್ತ್ವವೂ ಒಂದು ಕಾರಣ.

ಇತಿಹಾಸ

ಬೆಂಕಿ ವಿಮೆ ವ್ಯವಸ್ಥಿತ ರೂಪ ಪಡೆದದ್ದು 1666ರ ಲಂಡನ್ ಮಹಾ ಅಗ್ನಿದುರಂತದ ನಂತರ. ನಿಕೋಲಸ್ ಬಾರ್ಬನ್ 1680ರ ಆಸುಪಾಸಿನಲ್ಲಿ ಆರಂಭಿಸಿದ ಸಂಸ್ಥೆಯ ವಿಮೆ ಕಟ್ಟಡಗಳಿಗೆ ಸೀಮಿತವಾಗಿತ್ತು. 1710ರಲ್ಲಿ ಸ್ಥಾಪನೆಯಾದ ಸನ್ ಫೈರ್ ಆಫೀಸ್ ಕಟ್ಟಡದ ಜೊತೆಗೆ ಒಳಗಿನ ಸರಕು ಸಾಮಗ್ರಿಗೂ ವಿಮೆ ನೀಡಿತು. ಸ್ವಂತ ಕಟ್ಟಡವಿಲ್ಲದವರು ವಿಮೆ ಮಾಡಿಸಲು ಸಾಧ್ಯವಾದದ್ದು ಇಂಥ ವಿಸ್ತರಣೆಯಿಂದ. ಅಮೆರಿಕದಲ್ಲಿ 1950ರಲ್ಲಿ ಬೆಂಕಿ, ಕಳವು, ಹೊಣೆಗಾರಿಕೆ ಮೂರನ್ನೂ ಒಂದೇ ಪಾಲಿಸಿಯಲ್ಲಿ ಕೂಡಿಸಿದ ಗೃಹ ವಿಮೆ ಮಾರುಕಟ್ಟೆಗೆ ಬಂತು. ಅದರದೇ ಮಾದರಿಯಲ್ಲಿ ಬಾಡಿಗೆದಾರರಿಗಾಗಿ ಎಚ್‌ಒ-4 ಎಂಬ ಪ್ರಮಾಣಿತ ನಮೂನೆ ರೂಪುಗೊಂಡಿತು.

ಭಾರತದ ಮೊದಲ ಸಾಮಾನ್ಯ ವಿಮಾ ಕಂಪನಿ ಟ್ರೈಟನ್ 1850ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. 1972ರ ಅಧಿನಿಯಮದಂತೆ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು, 1973ರ ಜನವರಿ 1ರಿಂದ 107 ವಿಮಾ ಸಂಸ್ಥೆಗಳು ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಕಂಪನಿಗಳಲ್ಲಿ ಸೇರಿಹೋದವು. 1999ರ ಅಧಿನಿಯಮ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ಶಾಸನಬದ್ಧ ನೆಲೆ ಕೊಟ್ಟು ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ, ಅದಾದ ಮೇಲೂ ಕೆಲವು ವರ್ಷ, ಬೆಂಕಿ ವಿಮೆಯ ದರ ಎಲ್ಲ ಕಂಪನಿಗಳಿಗೂ ಒಂದೇ ಆಗಿತ್ತು. 2007ರ ಜನವರಿಯಿಂದ ದರಗಳು ಮುಕ್ತವಾದವು. ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಎಂಬ ಪ್ರಮಾಣಿತ ಪಾಲಿಸಿಯನ್ನು ಜಾರಿಗೆ ತಂದಿತು. ಬೆಂಕಿ ವಿಮೆಯ ವ್ಯವಹಾರ ನಡೆಸುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಅದನ್ನು ನೀಡಲೇಬೇಕು.

ರಚನೆ

ಪೂರ್ಣ ಪ್ರಮಾಣದ ಬಾಡಿಗೆದಾರರ ವಿಮೆಯಲ್ಲಿ ಮೂರು ಅಂಗಗಳಿರುತ್ತವೆ. ಮೊದಲನೆಯದು ಗೃಹಸಾಮಗ್ರಿ: ಪೀಠೋಪಕರಣ, ಪಾತ್ರೆ, ಬಟ್ಟೆ, ಫ್ರಿಜ್, ವಾಷಿಂಗ್ ಮಷೀನು, ಟಿ.ವಿ., ಕಂಪ್ಯೂಟರು, ಪುಸ್ತಕ. ಎರಡನೆಯದು ಮೂರನೆಯವರ ಹೊಣೆ. ಮೂರನೆಯದು ಬದಲಿ ವಸತಿಯ ಖರ್ಚು. ಮನೆ ವಾಸಕ್ಕೆ ಅಯೋಗ್ಯವಾದಾಗ ಬೇರೆಡೆ ಇರಲು ತಗಲುವ ಹೆಚ್ಚುವರಿ ವೆಚ್ಚವನ್ನು ಇದು ಕೊಡುತ್ತದೆ. ಅಮೆರಿಕದ ಪಾಲಿಸಿಯಲ್ಲಿ ಮೂರೂ ಒಟ್ಟಿಗೆ ಬರುತ್ತವೆ. ಭಾರತದಲ್ಲಿ ಹೊಣೆಯ ಭಾಗವನ್ನು ಹೆಚ್ಚಾಗಿ ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು.

ಪಾಲಿಸಿ ಒಂದು ನಿರ್ದಿಷ್ಟ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಕರ್ನಾಟಕದ ನಗರಗಳಲ್ಲಿ 11 ತಿಂಗಳ ಕರಾರು ಮಾಡಿಕೊಂಡು ಆಗಾಗ ಮನೆ ಬದಲಿಸುವವರು ಬಹಳ. ಮನೆ ಬದಲಾದಾಗ ಕಂಪನಿಗೆ ತಿಳಿಸಿ ಹೊಸ ವಿಳಾಸವನ್ನು ಪಾಲಿಸಿಯಲ್ಲಿ ನಮೂದಿಸಿಕೊಳ್ಳದಿದ್ದರೆ ಹೊಸ ಮನೆಯಲ್ಲಾದ ನಷ್ಟಕ್ಕೆ ಪರಿಹಾರ ಸಿಗುವುದಿಲ್ಲ. ಒಂದೇ ಮನೆಯನ್ನು ಹಂಚಿಕೊಂಡ ಗೆಳೆಯರಲ್ಲಿ ಒಬ್ಬರ ಪಾಲಿಸಿ ಇನ್ನೊಬ್ಬರ ಸಾಮಾನಿಗೆ ಅನ್ವಯಿಸದು. ಅದು ಪಾಲಿಸಿದಾರರಿಗೂ ಅವರ ಜೊತೆಗಿರುವ ಕುಟುಂಬಕ್ಕೂ ಮಾತ್ರ.

ಭಾರತ್ ಗೃಹ ರಕ್ಷಾ

ಈ ಪಾಲಿಸಿಯನ್ನು ಕಟ್ಟಡಕ್ಕೆ ಮಾತ್ರ, ಸಾಮಗ್ರಿಗೆ ಮಾತ್ರ ಅಥವಾ ಎರಡಕ್ಕೂ ಪಡೆಯಬಹುದು. ಬಾಡಿಗೆದಾರರಿಗೆ ಹೊಂದುವುದು ಎರಡನೆಯ ಆಯ್ಕೆ. ಅವಧಿ ಗರಿಷ್ಠ 10 ವರ್ಷ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಚಂಡಮಾರುತ, ಸುನಾಮಿ, ನೆರೆ ಮತ್ತು ಜಲಾವೃತ, ಭೂಕುಸಿತ, ಕಾಡ್ಗಿಚ್ಚು, ವಾಹನ ಮುಂತಾದವು ಬಂದು ಅಪ್ಪಳಿಸುವುದು, ಗಲಭೆ ಮತ್ತು ಮುಷ್ಕರ, ಭಯೋತ್ಪಾದನಾ ಕೃತ್ಯ, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು ಅಥವಾ ಉಕ್ಕುವುದು ಇದರ ವ್ಯಾಪ್ತಿಯಲ್ಲಿವೆ. ನೆರೆ ಮತ್ತು ಭೂಕುಸಿತ ಮೂಲ ಪಾಲಿಸಿಯಲ್ಲೇ ಸೇರಿರುವುದು ಗಮನಿಸತಕ್ಕದ್ದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2019ರಲ್ಲಿ ಉತ್ತರ ಕರ್ನಾಟಕದ ನದೀತೀರಗಳು ಮುಳುಗಿದಾಗ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಗೆ ನೀರು ನುಗ್ಗಿದಾಗ ಮನೆಗಳಿಗಾದದ್ದು ಇದೇ ಬಗೆಯ ಹಾನಿ. ನೀರು ಮನೆಗೆ ನುಗ್ಗಿದಾಗ ಗೋಡೆ ಒಣಗಿ ಉಳಿದುಕೊಳ್ಳಬಹುದು. ನೆಲದ ಮೇಲಿದ್ದ ಫ್ರಿಜ್ಜಿನ ಕಂಪ್ರೆಸರು, ವಾಷಿಂಗ್ ಮಷೀನಿನ ಮೋಟಾರು, ಪ್ಲೈವುಡ್ ಮಂಚ ಉಳಿಯುವುದಿಲ್ಲ. ಹೀಗಾಗಿ ನೆಲಮಹಡಿಯ ಬಾಡಿಗೆದಾರರ ನಷ್ಟ ಹಲವು ಸಂದರ್ಭಗಳಲ್ಲಿ ಮಾಲೀಕರದಕ್ಕಿಂತ ಹೆಚ್ಚು.

ಒಡವೆ, ಬೆಳ್ಳಿ ಸಾಮಾನು, ಕಲಾಕೃತಿಗಳು ಸಾಮಾನ್ಯ ಸಾಮಗ್ರಿಯಲ್ಲಿ ಸೇರುವುದಿಲ್ಲ. ಅವಕ್ಕೆ ಐಚ್ಛಿಕ ರಕ್ಷಣೆ ಇದ್ದು, ಬೆಲೆಯನ್ನು ಮೊದಲೇ ಒಪ್ಪಿಕೊಳ್ಳಲಾಗುತ್ತದೆ. ಇಂಥ ವಸ್ತುಗಳ ವಿಮಾ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದು, ಯಾವ ಒಂದು ವಸ್ತುವೂ 1 ಲಕ್ಷ ಮೀರದಿದ್ದರೆ ಮೌಲ್ಯಮಾಪನ ಪ್ರಮಾಣಪತ್ರ ಬೇಕಿಲ್ಲ. ಬಾಡಿಗೆದಾರರು ಬದಲಿ ಮನೆಗೆ ಹೆಚ್ಚಿನ ಬಾಡಿಗೆ ಕೊಡಬೇಕಾಗಿ ಬಂದಾಗ ಹಳೆಯ ಮತ್ತು ಹೊಸ ಬಾಡಿಗೆಯ ವ್ಯತ್ಯಾಸ ಕೊಡುವ ಬಾಬೂ ಇದೆ. ಅದು ಕಟ್ಟಡದ ರಕ್ಷಣೆಗೆ ಹೊಂದಿಕೊಂಡು ಬರುವುದರಿಂದ, ಸಾಮಗ್ರಿಗೆ ಮಾತ್ರ ಮಾಡಿಸಿದ ಪಾಲಿಸಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಪಾಲಿಸಿಯ ಶೆಡ್ಯೂಲಿನಲ್ಲಿ ನೋಡಿಕೊಳ್ಳಬೇಕು.

ಪ್ರಮಾಣಿತ ಪಾಲಿಸಿಯ ದೊಡ್ಡ ಕೊರತೆ ಕಳವಿನ ವಿಷಯದಲ್ಲಿದೆ. ಬೆಂಕಿ, ನೆರೆಯಂಥ ವಿಮೆಗೊಳಪಟ್ಟ ಘಟನೆ ನಡೆದು, ಅದರಿಂದಾಗಿಯೇ 7 ದಿನಗಳೊಳಗೆ ಸಾಮಾನು ಕಳುವಾದರೆ ಮಾತ್ರ ಪರಿಹಾರ ಉಂಟು. ಊರಿಗೆ ಹೋದಾಗ ಯಾರೋ ಬೀಗ ಒಡೆದು ಲ್ಯಾಪ್‌ಟಾಪು ಒಯ್ದರೆ ಭಾರತ್ ಗೃಹ ರಕ್ಷಾದ ಮೂಲ ಪಾಲಿಸಿಯಿಂದ ಏನೂ ಬರುವುದಿಲ್ಲ. ಬಾಡಿಗೆದಾರರು ವಿಮೆಯ ಬಗ್ಗೆ ಯೋಚಿಸುವುದೇ ಹೆಚ್ಚಾಗಿ ಕಳ್ಳತನದ ಭಯದಿಂದ. ಆ ಕಾರಣಕ್ಕೇ ಈ ಅಂಶ ಮಾರಾಟದ ವೇಳೆ ಸ್ಪಷ್ಟವಾಗಬೇಕಾದದ್ದು.

ಸಮಗ್ರ ಪಾಲಿಸಿಗಳು

ಕನ್ನಗಳವಿನ ರಕ್ಷಣೆ ಬೇಕಾದವರು ಪ್ರತ್ಯೇಕ ಕನ್ನಗಳವು ವಿಮೆಯನ್ನೋ, ಹೌಸ್‌ಹೋಲ್ಡರ್ಸ್ ಪಾಲಿಸಿ ಎಂದು ಕರೆಯುವ ಸಮಗ್ರ ಪಾಲಿಸಿಯನ್ನೋ ಪಡೆಯಬೇಕು. ಸಮಗ್ರ ಪಾಲಿಸಿ ಹಲವು ವಿಭಾಗಗಳ ಕಟ್ಟು: ಬೆಂಕಿ, ಕನ್ನಗಳವು, ಒಡವೆ, ಗಾಜು, ವಿದ್ಯುತ್ ಉಪಕರಣಗಳ ಕೆಡುಕು, ಪ್ರಯಾಣದ ಲಗೇಜು, ವೈಯಕ್ತಿಕ ಅಪಘಾತ, ಸಾರ್ವಜನಿಕ ಹೊಣೆ. ಸರ್ಕಾರಿ ಕಂಪನಿಗಳ ಪಾಲಿಸಿಗಳಲ್ಲಿ ಸೈಕಲ್ಲಿಗೂ ಒಂದು ವಿಭಾಗ ಇರುವುದುಂಟು. ಬೇಕಾದ ವಿಭಾಗಗಳನ್ನು ಆರಿಸಿಕೊಂಡು ಅವಕ್ಕಷ್ಟೇ ಪ್ರೀಮಿಯಂ ಕಟ್ಟಬಹುದು. ಬಾಡಿಗೆದಾರರಿಗೆ ಇವುಗಳಲ್ಲಿ ಮುಖ್ಯವಾದವು ಬೆಂಕಿ, ಕನ್ನಗಳವು ಮತ್ತು ಸಾರ್ವಜನಿಕ ಹೊಣೆ. ಮನೆ 30 ದಿನಕ್ಕಿಂತ ಹೆಚ್ಚು ಕಾಲ ಬೀಗ ಹಾಕಿದ್ದರೆ ಕನ್ನಗಳವಿನ ರಕ್ಷಣೆ ನಿಲ್ಲುತ್ತದೆ ಎಂಬ ಷರತ್ತು ಹಲವು ಪಾಲಿಸಿಗಳಲ್ಲಿದೆ. ಮನೆಕೆಲಸದವರು ಅಥವಾ ಮನೆಯವರೇ ಮಾಡಿದ ಕಳವು ಬಹುತೇಕ ಹೊರಗುಳಿಯುತ್ತದೆ.

ವಿಮಾ ಮೊತ್ತ ಮತ್ತು ಬೆಲೆ ಕಟ್ಟುವಿಕೆ

ಪರಿಹಾರವನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕುತ್ತಾರೆ. ಸವಕಳಿ ಕಳೆದ ಬೆಲೆಯ ಲೆಕ್ಕದಲ್ಲಿ, 30,000 ರೂಪಾಯಿಗೆ ಕೊಂಡ ಫ್ರಿಜ್ಜು 6 ವರ್ಷ ಹಳೆಯದಾಗಿದ್ದು, ವರ್ಷಕ್ಕೆ ಶೇ. 10ರಂತೆ ಸವಕಳಿ ಹಿಡಿದರೆ, ಸಿಗುವುದು 12,000 ರೂಪಾಯಿ. ಮರುಖರೀದಿ ಬೆಲೆಯ ಲೆಕ್ಕದಲ್ಲಿ ಅದೇ ಗಾತ್ರದ, ಅದೇ ದರ್ಜೆಯ ಹೊಸ ಫ್ರಿಜ್ಜಿಗೆ ಇಂದು ಏನು ಬೆಲೆಯೋ ಅಷ್ಟು ಸಿಗುತ್ತದೆ. ಪ್ರೀಮಿಯಂ ಹೋಲಿಸುವ ಮೊದಲು ಈ ಲೆಕ್ಕ ಯಾವುದೆಂದು ತಿಳಿದಿರಬೇಕು. ಕಡಿಮೆ ಪ್ರೀಮಿಯಮ್ಮಿನ ಹಿಂದೆ ಸವಕಳಿಯ ಲೆಕ್ಕ ಇರಬಹುದು.

ನಿಜ ಬೆಲೆಗಿಂತ ಕಡಿಮೆ ಮೊತ್ತಕ್ಕೆ ಮಾಡಿಸಿದ ವಿಮೆಯನ್ನು ಕೊರತೆ ವಿಮೆ ಎನ್ನಬಹುದು. ಅನುಪಾತದ ಷರತ್ತು ಇರುವ ಪಾಲಿಸಿಯಲ್ಲಿ 8 ಲಕ್ಷ ರೂಪಾಯಿಯ ಸಾಮಗ್ರಿಗೆ 4 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿ, 2 ಲಕ್ಷದ ನಷ್ಟವಾದರೆ, ಬರುವುದು 1 ಲಕ್ಷ. ನಷ್ಟ ವಿಮಾ ಮೊತ್ತದ ಒಳಗೇ ಇದ್ದರೂ ಪೂರ್ತಿ ಹಣ ಸಿಗುವುದಿಲ್ಲ. ಭಾರತ್ ಗೃಹ ರಕ್ಷಾದಲ್ಲಿ ಈ ಷರತ್ತನ್ನು ಕೈಬಿಡಲಾಗಿದೆ. ಪಾಲಿಸಿದಾರರಿಗೆ ಅದು ದೊಡ್ಡ ಅನುಕೂಲ. ಕನ್ನಗಳವಿನ ಪಾಲಿಸಿಗಳಲ್ಲಿ ಅದು ಈಗಲೂ ಕಂಡುಬರುತ್ತದೆ.

ವಿಮಾ ಮೊತ್ತ ನಿಗದಿಗೆ ಕೋಣೆವಾರು ಸಾಮಾನಿನ ಪಟ್ಟಿ ಮಾಡುವುದೇ ಸರಿಯಾದ ಕ್ರಮ. ಪಟ್ಟಿಗೆ ಇಳಿದಾಗ ದೊಡ್ಡ ವಸ್ತುಗಳಿಗಿಂತ ಸಣ್ಣವುಗಳ ಒಟ್ಟು ಬೆಲೆ ಎದ್ದು ಕಾಣುತ್ತದೆ: ಸ್ಟೀಲಿನ ಪಾತ್ರೆಗಳು, ಮಿಕ್ಸಿ, ಗ್ರೈಂಡರು, ಕುಕ್ಕರುಗಳು, ಬೀರುವಿನ ರೇಷ್ಮೆ ಸೀರೆಗಳು, ಇನ್ವರ್ಟರು ಮತ್ತು ಬ್ಯಾಟರಿ, ಮಕ್ಕಳ ಪುಸ್ತಕಗಳು. ಬಿಲ್ಲು, ಕ್ರಮಸಂಖ್ಯೆ, ಫೋಟೊಗಳನ್ನು ಮನೆಯ ಹೊರಗೆ, ಅಂದರೆ ಇ-ಮೇಲಿನಲ್ಲೋ ಆನ್‌ಲೈನ್ ಸಂಗ್ರಹದಲ್ಲೋ ಇಟ್ಟಿರಬೇಕು.

ಹೊರಗುಳಿಯುವ ನಷ್ಟಗಳು

ಉದ್ದೇಶಪೂರ್ವಕ ಹಾನಿ, ಯುದ್ಧ, ಪರಮಾಣು ವಿಕಿರಣ, ಸಹಜ ಸವೆತಗಳಿಗೆ ಪರಿಹಾರವಿಲ್ಲ. ನಗದು, ಷೇರು ಮತ್ತು ಬಾಂಡ್ ಪತ್ರಗಳು, ಹಸ್ತಪ್ರತಿಗಳು ಸಾಮಾನ್ಯವಾಗಿ ಹೊರಗೆ. ಶಾರ್ಟ್ ಸರ್ಕ್ಯೂಟಿನಿಂದ ಉಪಕರಣವೊಂದು ತಾನೇ ಸುಟ್ಟುಹೋದರೆ ಆ ಉಪಕರಣಕ್ಕೆ ಹಣ ಬಾರದು. ಅದರಿಂದ ಬೆಂಕಿ ಹರಡಿ ಹಾಳಾದ ಉಳಿದ ವಸ್ತುಗಳಿಗೆ ಬರುತ್ತದೆ. ಬೈಕು, ಕಾರು ಮೋಟಾರು ವಿಮೆಗೆ ಸೇರಿದವು.

ಮಾಲೀಕರ ಬಳಿ ಇರುವ ಮುಂಗಡವೂ ಈ ವಿಮೆಯ ಹೊರಗೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಪಡೆಯುವ ರೂಢಿ ಬಹುಕಾಲದಿಂದ ಇದೆ. ಭೋಗ್ಯದಲ್ಲಂತೂ ಮೊತ್ತ ಲಕ್ಷಗಟ್ಟಲೆ. ಅದನ್ನು ಮಾಲೀಕರು ಹಿಂದಿರುಗಿಸದಿದ್ದರೆ ಅದು ಕರಾರಿನ ವ್ಯಾಜ್ಯ, ವಿಮೆಯ ವಿಷಯವಲ್ಲ.

ಅಡುಗೆ ಅನಿಲದ ಅವಘಡಕ್ಕೆ ಬೇರೆಯೇ ವ್ಯವಸ್ಥೆ ಇದೆ. ತೈಲ ಕಂಪನಿಗಳು ನೋಂದಾಯಿತ ಗ್ರಾಹಕರ ಪರವಾಗಿ ಸಾರ್ವಜನಿಕ ಹೊಣೆ ವಿಮೆ ಮಾಡಿಸಿದ್ದು, ಸಾವಿಗೆ ತಲಾ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ ಒಂದು ಘಟನೆಗೆ 30 ಲಕ್ಷ ಮೀರದಂತೆ, ಆಸ್ತಿ ಹಾನಿಗೆ ಒಂದು ಘಟನೆಗೆ 2 ಲಕ್ಷದವರೆಗೆ ಪರಿಹಾರ ಉಂಟು. ಆಸ್ತಿ ಹಾನಿಯ ಪರಿಹಾರ ಗ್ರಾಹಕರ ನೋಂದಾಯಿತ ವಿಳಾಸದಲ್ಲಾದ ಅವಘಡಕ್ಕೆ ಮಾತ್ರ. ಮನೆ ಬದಲಿಸಿದವರು ಗ್ಯಾಸ್ ಏಜೆನ್ಸಿಯಲ್ಲಿ ವಿಳಾಸ ಬದಲಿಸಿಕೊಳ್ಳದೆ ಸಿಲಿಂಡರನ್ನು ಹೊಸ ಮನೆಗೆ ಒಯ್ದರೆ ಈ ರಕ್ಷಣೆ ಕೈತಪ್ಪುತ್ತದೆ.

ಕ್ಲೇಮ್ ಮತ್ತು ದೂರು

ನಷ್ಟವಾದ ಕೂಡಲೇ ಕಂಪನಿಗೆ ತಿಳಿಸಬೇಕು. ಕಳವಾಗಿದ್ದರೆ ಪೊಲೀಸ್ ದೂರು, ಬೆಂಕಿಯಾಗಿದ್ದರೆ ಅಗ್ನಿಶಾಮಕ ಇಲಾಖೆಯ ವರದಿ ಬೇಕಾಗುತ್ತದೆ. ಬಾಡಿಗೆ ಕರಾರು ಪತ್ರ ಆ ವಿಳಾಸದಲ್ಲಿ ವಾಸವಿದ್ದುದಕ್ಕೆ ಸಾಕ್ಷ್ಯ. ಪ್ರಾಧಿಕಾರದ ಪರವಾನಗಿ ಪಡೆದ ಸರ್ವೇಯರ್ ಬಂದು ನಷ್ಟ ಅಂದಾಜು ಮಾಡುತ್ತಾರೆ. ಅವರು ನೋಡುವ ಮೊದಲೇ ಹಾಳಾದ ಹಾಸಿಗೆ, ಉಪಕರಣಗಳನ್ನು ಎಸೆಯಬಾರದು. ಎಸೆಯಲೇಬೇಕಾದರೆ ಫೋಟೊ ತೆಗೆದು ಕಂಪನಿಗೆ ತಿಳಿಸಿ ಎಸೆಯಬೇಕು. ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬಾರದೆಂದು ಪ್ರಾಧಿಕಾರ 2024ರಲ್ಲಿ ಕಂಪನಿಗಳಿಗೆ ಸೂಚಿಸಿದೆ.

ಕಂಪನಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೊದಲು ಅದರ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯಗಳನ್ನು ಅವರು ತೀರ್ಮಾನಿಸುತ್ತಾರೆ. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನಲ್ಲಿದೆ. ಗ್ರಾಹಕ ಆಯೋಗದ ದಾರಿಯೂ ತೆರೆದಿರುತ್ತದೆ.

ಇತರ ದೇಶಗಳಲ್ಲಿ

ಫ್ರಾನ್ಸಿನಲ್ಲಿ ಈ ವಿಮೆ ಕಾನೂನಿನಂತೆ ಕಡ್ಡಾಯ. 1989ರ ಜುಲೈ 6ರ ಬಾಡಿಗೆ ಕಾಯಿದೆಯಂತೆ ಬಾಡಿಗೆದಾರರು ಮನೆಗೆ ಸಂಬಂಧಿಸಿದ ತಮ್ಮ ಹೊಣೆಗೆ ವಿಮೆ ಮಾಡಿಸಿ, ಪ್ರಮಾಣಪತ್ರವನ್ನು ಮಾಲೀಕರಿಗೆ ತೋರಿಸಬೇಕು. ಅಲ್ಲಿನ ನಾಗರಿಕ ಸಂಹಿತೆ ಬಾಡಿಗೆ ಮನೆಗೆ ಬೆಂಕಿ ಬಿದ್ದರೆ ಬಾಡಿಗೆದಾರರೇ ಹೊಣೆ ಎಂದು ಮೊದಲಿಗೆ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಭಾರ ಅವರದೇ. ಜಪಾನಿನಲ್ಲಿ 1899ರ ಕಾಯಿದೆಯಂತೆ, ತೀವ್ರ ನಿರ್ಲಕ್ಷ್ಯ ಇಲ್ಲದಿದ್ದರೆ ಬೆಂಕಿ ಹಚ್ಚಿಕೊಂಡವರು ನೆರೆಯವರಿಗೆ ಪರಿಹಾರ ಕೊಡಬೇಕಿಲ್ಲ. ಆದರೆ ಮಾಲೀಕರಿಗೆ ಕರಾರಿನಂತೆ ಹೊಣೆ ಉಳಿಯುವುದರಿಂದ, ಮನೆ ಹಿಡಿಯುವಾಗಲೇ ಬೆಂಕಿ ವಿಮೆ ಕೇಳುವುದು ಅಲ್ಲಿ ವಾಡಿಕೆ.

ಅಮೆರಿಕದಲ್ಲಿ ಕಾನೂನಿನ ಒತ್ತಾಯವಿಲ್ಲ, ಆದರೂ ದೊಡ್ಡ ಅಪಾರ್ಟ್‌ಮೆಂಟ್ ಸಂಸ್ಥೆಗಳು ಕರಾರಿನಲ್ಲೇ ವಿಮೆಯ ಷರತ್ತು ಹಾಕುತ್ತವೆ. ಕೆಲಸ ಅಥವಾ ಓದಿಗಾಗಿ ಅಲ್ಲಿಗೆ ಹೋಗುವ ಕನ್ನಡಿಗರಲ್ಲಿ ಅನೇಕರಿಗೆ ಈ ವಿಮೆಯ ಮೊದಲ ಪರಿಚಯವಾಗುವುದು ಆ ಕರಾರಿನಿಂದಲೇ. ಎಚ್‌ಒ-4 ನಮೂನೆ 16 ಬಗೆಯ ಅವಘಡಗಳನ್ನು ಹೆಸರಿಸಿ ರಕ್ಷಣೆ ಕೊಡುತ್ತದೆ; ಕಳವು ಅವುಗಳಲ್ಲೊಂದು, ನೆರೆ ಮತ್ತು ಭೂಕಂಪ ಮಾತ್ರ ಹೊರಗೆ. ನೆರೆಗೆ 1968ರಲ್ಲಿ ಆರಂಭವಾದ ರಾಷ್ಟ್ರೀಯ ನೆರೆ ವಿಮಾ ಕಾರ್ಯಕ್ರಮದಿಂದ ಬಾಡಿಗೆದಾರರು ಸಾಮಗ್ರಿಗೆ 1 ಲಕ್ಷ ಡಾಲರ್‌ವರೆಗೆ ಪ್ರತ್ಯೇಕ ಪಾಲಿಸಿ ಪಡೆಯಬಹುದು. ಭಾರತದ ಪ್ರಮಾಣಿತ ಪಾಲಿಸಿಯಲ್ಲಿ ಇದು ತಿರುವುಮುರುವು: ನೆರೆ ಮತ್ತು ಭೂಕಂಪ ಒಳಗೆ, ಕಳವು ಹೊರಗೆ.

ಸದ್ಯದ ಸ್ಥಿತಿ

2011ರ ಜನಗಣತಿಯಂತೆ ಭಾರತದ ನಗರ ಕುಟುಂಬಗಳಲ್ಲಿ ಶೇ. 27.6ರಷ್ಟು ಬಾಡಿಗೆ ಮನೆಗಳಲ್ಲಿದ್ದವು. ಇತ್ತ ದೇಶದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ಜೀವ ವಿಮೆಯೇತರ ಪ್ರೀಮಿಯಂ ಶೇ. 1ರ ಆಸುಪಾಸಿನಲ್ಲೇ ನಿಂತಿದೆ. ಅದರಲ್ಲೂ ಹೆಚ್ಚಿನ ಪಾಲು ಆರೋಗ್ಯ ಮತ್ತು ವಾಹನ ವಿಮೆಗಳದ್ದು. ಗೃಹ ಸಾಲ ಕೊಡುವ ಬ್ಯಾಂಕುಗಳು ಕಟ್ಟಡಕ್ಕೆ ವಿಮೆ ಕೇಳುತ್ತವೆ, ವಾಹನಕ್ಕೆ ಕಾನೂನೇ ಕೇಳುತ್ತದೆ. ಬಾಡಿಗೆದಾರರ ಸಾಮಾನಿಗೆ ವಿಮೆ ಮಾಡಿಸಿ ಎಂದು ಹೇಳುವವರು ಯಾರೂ ಇಲ್ಲದಿರುವುದು ಇದು ಹಿಂದುಳಿಯಲು ಮುಖ್ಯ ಕಾರಣ. ಸಾಮಗ್ರಿಗೆ ಮಾತ್ರ ಅನ್ವಯಿಸುವ ಪಾಲಿಸಿಯ ಪ್ರೀಮಿಯಂ ಕಡಿಮೆಯಾಗಿರುವುದರಿಂದ ಏಜೆಂಟರಿಗೆ ಸಿಗುವ ಕಮಿಷನ್ನೂ ಕಡಿಮೆ. ಕೇಳದ ಹೊರತು ಅವರಾಗಿ ಪ್ರಸ್ತಾಪಿಸುವುದು ಅಪರೂಪ.

1999ರ ಕರ್ನಾಟಕ ಬಾಡಿಗೆ ಅಧಿನಿಯಮವಾಗಲಿ, ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಾಗಲಿ ಬಾಡಿಗೆದಾರರ ವಿಮೆಯನ್ನು ಕಡ್ಡಾಯಗೊಳಿಸಿಲ್ಲ. ಸಾಮಾನ್ಯ ವಿಮಾ ಕಂಪನಿಗಳ ಶಾಖೆಗಳಲ್ಲೂ ಜಾಲತಾಣಗಳಲ್ಲೂ ಪಾಲಿಸಿ ದೊರೆಯುತ್ತದೆ. ಭಾರತ್ ಗೃಹ ರಕ್ಷಾದ ಮೂಲ ನಿಯಮಗಳು ಎಲ್ಲ ಕಂಪನಿಗಳಲ್ಲೂ ಒಂದೇ; ಪ್ರೀಮಿಯಂ ಮತ್ತು ಹೆಚ್ಚುವರಿ ರಕ್ಷಣೆಗಳು ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತವೆ.